ನಾನು ನೋಡದೇ ಇದ್ದವರಿಗೂ ಥ್ಯಾಂಕ್ಸ್

ಇವತ್ತಿಗೆ ನನ್ನ ಹೃದಯದ ಬೈಪಾಸ್ ಆಪರೇಷನ್ ಆಗಿ ಮೂರು ತಿಂಗಳು. ಬೆಳಿಗ್ಗೆ ಲಾಲ್‌ಬಾಗ್ ಬಂಡೆ ಹತ್ತಿ ಕೆಂಪೇಗೌಡ ಗೋಪುರದ ಹತ್ತಿರ ಕೂತಿದ್ದೆ. ಆಪರೇಷನ್‌ಗೆ ಮುಂಚೆ ಇದೇ ಬಂಡೆ ಅರ್ಧ ಹತ್ತುವಷ್ಟರಲ್ಲಿ ಎದೆ ಹಿಂಡಿದ ಹಾಗಾಗಿ, ನೋವು ದವಡೆವರೆಗೂ ಬಂದಾಗ ಮನೆಗೆ ಹೋಗಿ ಜೀರಿಗೆ ಕಷಾಯ ಕುಡಿದವನು ನಾನು. ಗ್ಯಾಸ್ಟ್ರಿಕ್! ನಮ್ಮಲ್ಲಿ ಎಲ್ಲ ಎದೆನೋವಿಗೂ ಅದೇ ಹೆಸರು ಅಲ್ವಾ. ಲೋಟ ಕಿತ್ತುಕೊಂಡು ಆಟೋ ಹತ್ತಿಸಿದ ಹೆಂಡತಿಗೆ ಮೊದಲ ಥ್ಯಾಂಕ್ಸ್.

ಹೃದಯದ ರಕ್ತನಾಳ ನೋಡುವ ಆಂಜಿಯೋಗ್ರಾಂ ಪರೀಕ್ಷೆಯಲ್ಲಿ ಮೂರು ಬ್ಲಾಕ್ ಕಂಡವು. ಸರ್ಜನ್ ಚೀಟಿಯ ಹಿಂದೆ ಹೃದಯದ ಚಿತ್ರ ಬರೆದು, ಕಟ್ಟಿಕೊಂಡ ನಾಳಕ್ಕೆ ಕೈ ಹಾಕಲ್ಲ, ಅದನ್ನು ದಾಟಿಸಿ ಮುಂದಕ್ಕೆ ಹೊಸ ದಾರಿ ಹಾಕ್ತೀವಿ ಅಂದರು. ಫ್ಲೈಓವರ್ ಥರ ವರ್ಷಗಟ್ಟಲೆ ಎಳೀಬೇಡಿ ಸಾರ್ ಅಂದೆ. ನಕ್ಕರು. ಎದೆಗೂಡಿನ ಒಳಗೋಡೆಯ ಒಂದು ರಕ್ತನಾಳ, ಕಾಲಿನಿಂದ ತೆಗೆದ ಇನ್ನೊಂದು ರಕ್ತನಾಳ, ಇವೇ ಆ ಹೊಸ ದಾರಿಗಳು. ನಿಜ ಹೇಳಬೇಕೆಂದರೆ ಆಮೇಲೆ ಎದೆಗಿಂತ ಕಾಲೇ ಜಾಸ್ತಿ ನೋಯುತ್ತಿತ್ತು.

ಎದೆಯ ಮೂಳೆ ಕೊಯ್ದು, ಪೊಟ್ಯಾಸಿಯಂ ಇರುವ ದ್ರಾವಣ ಕೊಟ್ಟು ಹೃದಯ ನಿಲ್ಲಿಸಿದ್ದರಂತೆ. ಅಷ್ಟೂ ಹೊತ್ತು ನನ್ನ ರಕ್ತ ಓಡಿಸಿದ್ದು, ಅದಕ್ಕೆ ಆಮ್ಲಜನಕ ತುಂಬಿದ್ದು ಒಂದು ಮಷೀನು. ಅಮೆರಿಕದ ಡಾಕ್ಟರ್ ಜಾನ್ ಗಿಬ್ಬನ್ 1953ರಲ್ಲಿ ಅಂಥದ್ದೊಂದನ್ನು ಬಳಸಿ 18 ವರ್ಷದ ಹುಡುಗಿಯೊಬ್ಬಳ ಹೃದಯದ ತೂತು ಮುಚ್ಚಿದರಂತೆ. ಅದಕ್ಕಾಗಿ ಸುಮಾರು ಇಪ್ಪತ್ತು ವರ್ಷ ಒದ್ದಾಡಿದ್ದ ಮನುಷ್ಯ ಅವರು. ಮಲಗಿಕೊಂಡು ಇದನ್ನೆಲ್ಲ ಓದುವಾಗಲೇ ಗೊತ್ತಾಗಿದ್ದು, ಮಷೀನ್ ನಡೆಸುವವರು ಸರ್ಜನ್ ಅಲ್ಲ, ಪರ್ಫ್ಯೂಷನಿಸ್ಟ್ ಅಂತ ಬೇರೆಯೇ ಒಬ್ಬರು ಇರುತ್ತಾರೆ ಅನ್ನೋದು. ನನ್ನ ಜೀವ ಅವರ ಕೈಯಲ್ಲಿತ್ತು, ನಾನು ಮುಖ ಕೂಡ ನೋಡಿಲ್ಲ.

ಎಚ್ಚರವಾದ ಮೇಲೆ ಕಂಡವರು ಬಹಳ ಜನ. ಮೂರು ಬಣ್ಣದ ಗೋಲಿಯ ಡಬ್ಬಿ ಕೊಟ್ಟು ಉಸಿರು ಎಳೀರಿ ಎಳೀರಿ ಅಂತ ಪ್ರಾಣ ತಿಂದ, ದಿಂಬು ಎದೆಗೆ ಅವಚಿಸಿ "ಈಗ ಕೆಮ್ಮಿ ಅಂಕಲ್" ಅಂದ ಫಿಸಿಯೋಥೆರಪಿಸ್ಟ್ ಹುಡುಗಿಯನ್ನು ಮನಸ್ಸಲ್ಲೇ ಬೈದಿದ್ದೇನೆ. ಕ್ಷಮಿಸಮ್ಮ, ಕಫ ನಿಂತಿದ್ದರೆ ನಿಮೋನಿಯಾ ಆಗಬಹುದಿತ್ತು ಅಂತ ಆಮೇಲೆ ತಿಳಿಯಿತು. ಪಕ್ಕದ ಮಂಚದ ಹಾಸನದ ಅಜ್ಜಿಗೆ ಲೋಹದ ವಾಲ್ವ್ ಹಾಕಿದ್ದರು. ಇನ್ನು ಜೀವನಪೂರ್ತಿ ರಕ್ತ ತೆಳುವಾಗಿಸುವ ಮಾತ್ರೆ, ಪದೇ ಪದೇ ರಕ್ತಪರೀಕ್ಷೆ. ಆಚೆ ಕಡೆಯ ಹುಡುಗನಿಗೆ ಹೃದಯ ಚೆನ್ನಾಗಿಯೇ ಇತ್ತು, ಶ್ವಾಸಕೋಶದ ಸುತ್ತ ಕೀವು ಕಟ್ಟಿತ್ತು. ಅದೂ ಇದೇ ಡಾಕ್ಟರ ಕೆಲಸ ಅನ್ನೋದೇ ನನಗೆ ಗೊತ್ತಿರಲಿಲ್ಲ. ನಿದ್ದೆ ಬರದ ರಾತ್ರಿಗಳಲ್ಲಿ ಮೂವರೂ ಮಾತಾಡಿದ್ದೇ ಮಾತಾಡಿದ್ದು.

ನನಗೆ ಎರಡು ಬಾಟಲಿ ರಕ್ತ ಕೊಟ್ಟರು. ಯಾರದ್ದೋ, ಈ ಊರಲ್ಲೇ ಎಲ್ಲೋ ಬಸ್ಸಲ್ಲಿ ನನ್ನ ಪಕ್ಕದಲ್ಲೇ ಕೂತಿರಬಹುದು. ನಮಸ್ಕಾರ ನಿಮಗೆ.

ಚೆಕಪ್‌ಗೆ ಹೋದಾಗ ಪರ್ಫ್ಯೂಷನಿಸ್ಟ್ ಎಲ್ಲಿದ್ದಾರೆ ಅಂತ ಕೇಳಿದೆ. ಇನ್ಯಾರದೋ ಆಪರೇಷನ್‌ನಲ್ಲಿದ್ದರು, ಸಿಗಲಿಲ್ಲ. ಮುಂದಿನ ಸಲ ಬರುವಾಗ ವಿ.ವಿ. ಪುರಂನ ವಿ.ಬಿ. ಬೇಕರಿಯಿಂದ ಖಾರಾ ಬನ್ ತರುತ್ತೇನೆ. ನನಗಂತೂ ಮನೇಲಿ ತಿನ್ನೋಕೆ ಬಿಡಲ್ಲ, ನೀವಾದ್ರೂ ತಿನ್ನಿ.