ಆ ಲ್ಯಾಬ್ ಅಣ್ಣನಿಗೆ ಧನ್ಯವಾದ

ಹವಾಮಾನ ಬದಲಾವಣೆಯನ್ನು ಮಕ್ಕಳಿಗೆ ಕಲಿಸುವುದು ಹೇಗೆಂದು ಉಡುಪಿ ಕಡೆ ನಮಗೆ ತರಬೇತಿಯಿತ್ತು. ಮಧ್ಯಾಹ್ನ ನನ್ನ ಮಾದರಿ ಪಾಠ. ಊಟದ ಹೊತ್ತಿಗೆ ಕರೆಂಟು ಹೋಯಿತು. ತಯಾರಿಸಿದ್ದೆಲ್ಲ ಪ್ರೊಜೆಕ್ಟರಿನದ್ದೇ; ಕೈಕಾಲು ತಣ್ಣಗಾಯಿತು.

ಲ್ಯಾಬಿನ ಅಟೆಂಡರ್ ಒಬ್ಬರು ನನ್ನ ಮುಖ ನೋಡಿ ಕ್ಯಾಂಟೀನಿನಿಂದ ಐಸ್ ತಂದರು. ಬೇಗ ಕರಗಲೆಂದು ಸಣ್ಣಗೆ ಒಡೆದರು. ಒಂದು ಬೀಕರಿನಲ್ಲಿ ಐಸನ್ನು ನೀರಿನಲ್ಲೇ ತೇಲಿಬಿಟ್ಟರು, ಇನ್ನೊಂದರಲ್ಲಿ ನೀರಿನಿಂದ ಮೇಲೆದ್ದ ಕಲ್ಲಿನ ಮೇಲಿಟ್ಟರು. ನೀರಿನ ಮಟ್ಟಕ್ಕೆ ಸರಿಯಾಗಿ ರಬ್ಬರ್ ಬ್ಯಾಂಡ್ ಹಾಕಿದರು. ಗಾಜಿನ ಹೊರಗೆ ಮೂಡಿದ ಹನಿಗಳನ್ನು ಬೈರಾಸಿನಿಂದ ಒರೆಸುತ್ತ, “ಇದು ಗಾಳಿಯ ನೀರು ಟೀಚರ್. ಸೋರ್ತಾ ಉಂಟು ಅಂತಾರೆ ಮಕ್ಕಳು, ಮೊದಲೇ ಹೇಳಿಬಿಡಿ” ಅಂದರು.

ತೇಲುವ ಐಸ್ ಕರಗಿದರೂ ಮಟ್ಟ ಹಾಗೇ ಇತ್ತು. ಕಲ್ಲಿನ ಮೇಲಿನದ್ದು ಕರಗಿ ನೀರು ಗುರುತು ದಾಟಿತು. ಗ್ರೀನ್‌ಲ್ಯಾಂಡಿನ ನೆಲದ ಮೇಲಿನ ಹಿಮವೆಲ್ಲ ಕರಗಿದರೆ ಸಮುದ್ರ ಸುಮಾರು 7 ಮೀಟರ್ ಏರುತ್ತದೆ ಎಂದಾಗ, ಕಡಲ ದಂಡೆಯ ಮರವಂತೆ ಕಡೆಯ ಶಿಕ್ಷಕಿಯೊಬ್ಬರು ಎದ್ದುಬಂದು ಬೀಕರನ್ನು ಬಗ್ಗಿ ನೋಡಿದರು. ಆಗ ನನಗೆ ಉಸಿರು ಬಂತು.

ಅಣ್ಣಾ, ಹೆಸರು ಕೇಳುವಷ್ಟರಲ್ಲಿ ನೀವು ಹೋಗಿಬಿಟ್ಟಿದ್ದಿರಿ. ನಮ್ಮ ಎಂಟನೇ ತರಗತಿಯ ಮಕ್ಕಳು ಈಗ ಇದನ್ನು ತಾವೇ ಮಾಡುತ್ತಾರೆ, ಒರೆಸುವ ಬಟ್ಟೆ ಸಮೇತ. ನಿಮಗೆ ತುಂಬಾ ಧನ್ಯವಾದ.