ಕಂಬಳಿ ಕೊಟ್ಟಿರಿ, ಇಡಲು ಜಾಗ?

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಫುಟ್‌ಪಾತ್ ಮೇಲೆ ಮಲಗುವವರಿಗೆ ಕಂಬಳಿ ಹಂಚಿದ ಫೋಟೊ ಬಂದಿತ್ತು. ಹಂಚಿದವರ ಮನಸ್ಸು ಒಳ್ಳೆಯದು. ಆದರೂ ಅವರಿಗೆ ಒಂದು ಮಾತು ಹೇಳಬೇಕು ಅನಿಸಿತು. ಏಕೆಂದರೆ ನಾನೂ ಮೊದಲು ಅದನ್ನೇ ಮಾಡಿದ್ದೆ.

ನಾನು 34 ವರ್ಷ ಪೋಸ್ಟ್‌ಮ್ಯಾನ್ ಆಗಿದ್ದವನು. ನಿವೃತ್ತಿಯಾದ ವರ್ಷ ಚಳಿಗಾಲದಲ್ಲಿ ಕೆ.ಆರ್. ಮಾರ್ಕೆಟ್ ಫ್ಲೈಓವರ್ ಕೆಳಗೆ ರಟ್ಟು ಹಾಸಿಕೊಂಡು ಮಲಗಿದ್ದ ಒಬ್ಬರಿಗೆ ಕಂಬಳಿ ಹೊದಿಸಿ ಬಂದೆ. ಮುಂದಿನ ವಾರ ಹೋದರೆ ಕಂಬಳಿ ಇಲ್ಲ. ಕೇಳಿದೆ. 'ಬೆಳಗಿನ ಜಾವ ಮೂರಕ್ಕೆ ಹೂವಿನ ಮೂಟೆ ಇಳಿಸೋಕೆ ಹೋಗ್ತೀನಿ ಸಾರ್. ತಲೆ ಮೇಲೆ ಮೂಟೆ, ಕಂಕುಳಲ್ಲಿ ಕಂಬಳಿ ಆಗುತ್ತಾ? ಇಟ್ಟು ಹೋದೆ, ಬರೋಷ್ಟರಲ್ಲಿ ಇರಲಿಲ್ಲ' ಅಂದರು. ಚಪ್ಪಲಿಯನ್ನೂ ಅವರು ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ ತಲೆದಿಂಬಿನಂತೆ ಇಟ್ಟುಕೊಂಡೇ ಮಲಗುತ್ತಾರೆ. ಮನೆ ಇಲ್ಲ ಅಂದರೆ ಬಾಗಿಲಿಗೆ ಹಾಕುವ ಬೀಗವೂ ಇಲ್ಲ ಅಂತ ನನಗೆ ಅವತ್ತೇ ಹೊಳೆದಿದ್ದು.

ಅಂದಿನಿಂದ ಪ್ರತಿ ಗುರುವಾರ ರಾತ್ರಿ ಒಂಬತ್ತಕ್ಕೆ ಫ್ಲಾಸ್ಕ್‌ನಲ್ಲಿ ಟೀ ತೆಗೆದುಕೊಂಡು ಹೋಗುತ್ತೇನೆ. ಸುಮ್ನೆ ಕೂತು ಮಾತಾಡುತ್ತೇವೆ. ಅಲ್ಲಿರುವವರಲ್ಲಿ ಭಿಕ್ಷೆ ಬೇಡುವವರಿಗಿಂತ ದುಡಿಯುವವರೇ ಜಾಸ್ತಿ. ಮೂಟೆ ಹೊರುವವರು, ಛತ್ರಗಳಲ್ಲಿ ಮದುವೆ ಊಟ ಬಡಿಸುವವರು, ಚಿಂದಿ ಆಯುವವರು. ಒಂದೇ ದಿನ, ಒಂದೇ ಹೊತ್ತಿಗೆ ಹೋಗುವುದು ಮುಖ್ಯ. ಒಂದು ಗುರುವಾರ ಜ್ವರ ಬಂದು ನಾನು ಹೋಗಿರಲಿಲ್ಲ. ಮುಂದಿನ ವಾರ ನಾಲ್ಕು ಜನ 'ಏನಾಗಿತ್ತು ಸಾರ್' ಅಂತ ಕೇಳಿದರು. ನನ್ನ ಬೀದಿಯಲ್ಲಿ ಯಾರೂ ಕೇಳಿರಲಿಲ್ಲ.

ಆಶ್ರಯ ಕೇಂದ್ರಕ್ಕೆ ಏಕೆ ಹೋಗಲ್ಲ ಎಂದು ಓದುಗರು ಕೇಳಬಹುದು. ಲಕ್ಷ ಜನಸಂಖ್ಯೆಗೆ ಒಂದು ಕೇಂದ್ರ ಬೇಕು ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. 2011ರ ಜನಗಣತಿ ಪ್ರಕಾರವೇ ನಮ್ಮ ನಗರದ್ದು 84 ಲಕ್ಷ. ಲೆಕ್ಕ ನೀವೇ ಹಾಕಿ. ಇರುವ ಕೇಂದ್ರವೂ ಕೆಲಸದ ಜಾಗಕ್ಕೆ ದೂರವಾದರೆ ಮೂರು ಗಂಟೆಗೆ ಬಸ್ ಎಲ್ಲಿದೆ? ಜೊತೆಗೆ ಒಂದು ಭಯ. 'ಅಲ್ಲಿಗೆ ಅಂತ ಹೇಳಿ ಮಾಗಡಿ ರೋಡ್‌ಗೆ ಹಾಕಿಬಿಡ್ತಾರೆ' ಅನ್ನುತ್ತಾರೆ. ಭಿಕ್ಷಾಟನೆ ನಿಷೇಧ ಕಾಯ್ದೆಯಲ್ಲಿ ಹಿಡಿದು ಕೊಂಡೊಯ್ಯುವ ಮಾಗಡಿ ರೋಡ್‌ನ ನಿರಾಶ್ರಿತರ ಕೇಂದ್ರ ಬೇರೆ, ರಾತ್ರಿ ತಂಗುವ ಆಶ್ರಯ ಕೇಂದ್ರ ಬೇರೆ ಅಂತ ಕೂತು ಬಿಡಿಸಿ ಹೇಳುವವರು ಬೇಕು. ಆ ಕಾಯ್ದೆಗೆಂದೇ ನಮ್ಮ ಆಸ್ತಿ ತೆರಿಗೆಯ ಮೇಲೆ 3% ಕರ ಕಟ್ಟುತ್ತಿದ್ದೇವೆ. ದುಡ್ಡು ಹೋಗುತ್ತಿದೆ, ಕೂತು ಮಾತಾಡಲು ಮನುಷ್ಯರು ಹೋಗುತ್ತಿಲ್ಲ.

ಕಳೆದ ಮಳೆಗಾಲದಲ್ಲಿ ಅದೇ ಮೂಟೆಯವರ ಕಾಲಿಗೆ ಮೊಳೆ ಚುಚ್ಚಿ ಕೀವಾಯಿತು. ಒಬ್ಬರೇ ಆಸ್ಪತ್ರೆಗೆ ಹೋಗಿ ದಿನವಿಡೀ ಕಾದು ವಾಪಸ್ ಬಂದರು. 'ಜೊತೆಗೆ ಯಾರಿದ್ದಾರೆ, ಅವರನ್ನು ಕರ್ಕೊಂಡು ಬಾ' ಅಂದರಂತೆ. ಮರುದಿನ ನಾನು ಹೋದೆ. ಕೌಂಟರ್‌ನಲ್ಲಿ ಮತ್ತೆ ಅದೇ ಪ್ರಶ್ನೆ. ನಾನಿದ್ದೇನೆ ಅಂದೆ. 'ನೀವು ಏನಾಗಬೇಕು?' ನಾನು ಬಾಯಿ ತೆರೆಯುವ ಮೊದಲೇ ಅವರು 'ನಮ್ಮಣ್ಣ' ಅಂದರು. ಅಲ್ಲಿಯವರೆಗೆ ನನ್ನನ್ನು ಸಾರ್ ಅಂತಲೇ ಕರೆಯುತ್ತಿದ್ದರು. ಗಂಟೆಯೊಳಗೆ ಗಾಯ ತೊಳೆದು ಕಟ್ಟಿದರು, ಇಂಜೆಕ್ಷನ್ ಕೊಟ್ಟರು. ನಾನು ಮಾಡಿದ್ದು ಪಕ್ಕದಲ್ಲಿ ನಿಂತಿದ್ದು, ಅಷ್ಟೇ.

ಆಮೇಲೆ ವೋಟರ್ ಲಿಸ್ಟ್‌ಗೆ ಅವರ ಹೆಸರು ಸೇರಿಸಲು ಹೊರಟೆವು. ಮನೆ ಇಲ್ಲದವರು ಫಾರಂ 6ರಲ್ಲಿ ತಾವು ಮಲಗುವ ಜಾಗವನ್ನೇ ಬರೆಯಬಹುದು. ಬೂತ್ ಮಟ್ಟದ ಅಧಿಕಾರಿ ರಾತ್ರಿ ಬಂದು, ಅವರು ಅಲ್ಲೇ ಮಲಗುತ್ತಾರಾ ಅಂತ ನೋಡಬೇಕು. ಖಾತ್ರಿಯಾದರೆ ವಿಳಾಸದ ದಾಖಲೆ ಬೇಕಿಲ್ಲ. ಇದು ಚುನಾವಣಾ ಆಯೋಗದ್ದೇ ನಿಯಮ. ಕಚೇರಿಯಲ್ಲಿ ಎರಡು ಸಲ 'ಅಡ್ರೆಸ್ ಪ್ರೂಫ್ ತನ್ನಿ' ಅಂತ ವಾಪಸ್ ಕಳಿಸಿದರು. ಮೂರನೇ ಸಲ ನಿಯಮದ ಪ್ರಿಂಟ್ ತೆಗೆಸಿಕೊಂಡು ಹೋದೆವು, ತೆಗೆದುಕೊಂಡರು. ರಾತ್ರಿ ಬಂದ ಅಧಿಕಾರಿ ಒಬ್ಬ ಹೆಣ್ಣುಮಗಳು. ಟಾರ್ಚ್ ಹಾಕಿ, ರಟ್ಟಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಊರು ಯಾವುದು ಅಂತೆಲ್ಲ ಸಮಾಧಾನವಾಗಿ ಕೇಳಿಕೊಂಡು ಹೋದರು. ಲಿಸ್ಟ್‌ನಲ್ಲಿ ಹೆಸರು ಬಂದ ದಿನ ನನ್ನ ಮೊಬೈಲಲ್ಲಿ ತೋರಿಸಿದೆ. ಅವರಿಗೆ ಓದಲು ಬರುವುದಿಲ್ಲ. 'ಇದಾ ನಾನು?' ಅಂತ ಕೇಳಿ ಅಕ್ಷರಗಳ ಮೇಲೆ ಬೆರಳು ಇಟ್ಟರು. ಪರದೆ ಸರಿದುಹೋಯಿತು. ಮತ್ತೆ ತೋರಿಸಿ ಅಂದರು.

ಸಾವಿರಾರು ವಿಳಾಸ ಹುಡುಕಿದವನು ನಾನು. ಯಾವ ವಿಳಾಸವೂ ನನಗೆ ಅಷ್ಟು ಸಂತೋಷ ಕೊಟ್ಟಿರಲಿಲ್ಲ.

ಕಂಬಳಿ ಕೊಡಬೇಡಿ ಅನ್ನುತ್ತಿಲ್ಲ, ಚಳಿಗೆ ಕಂಬಳಿ ಬೇಕೇ ಬೇಕು. ಕೊಟ್ಟವರು ಮುಂದಿನ ವಾರವೂ ಬನ್ನಿ. ಹೆಸರು ಕೇಳಿ, ನಿಮ್ಮ ಹೆಸರೂ ಹೇಳಿ. ಮಲಗಿದವರ ಫೋಟೊ ಮಾತ್ರ ತೆಗೆಯಬೇಡಿ. ಊರಲ್ಲಿ ಮಕ್ಕಳಿಗೆ ತಾವು ಎಲ್ಲಿ ಮಲಗುತ್ತೇವೆ ಅಂತ ಹೇಳದವರು ಅಲ್ಲಿ ತುಂಬಾ ಜನ ಇದ್ದಾರೆ.

ಇನ್ನೂ ಐದು ಜನರ ಫಾರಂ ತುಂಬುವುದು ಬಾಕಿ ಇದೆ. ನನಗೀಗ ರಾತ್ರಿ ಬೆಳಕಿನಲ್ಲಿ ಸಣ್ಣ ಅಕ್ಷರ ಕಾಣುವುದಿಲ್ಲ. ಕಣ್ಣು ಚುರುಕಾಗಿರುವ ಕಾಲೇಜು ಹುಡುಗರೋ ಹುಡುಗಿಯರೋ ಇಬ್ಬರು ಬಂದರೆ ಸಾಕು. ಗುರುವಾರ, ರಾತ್ರಿ ಒಂಬತ್ತು, ಫ್ಲೈಓವರ್ ಕೆಳಗೆ. ಟೀ ನಾನು ತರುತ್ತೇನೆ.

– ನಿವೃತ್ತ ಪೋಸ್ಟ್‌ಮ್ಯಾನ್, ಚಾಮರಾಜಪೇಟೆ, ಬೆಂಗಳೂರು