ಕೇಳುವವನು ಒಬ್ಬನೇ ಆದರೂ ಸರಿ

ಲೋ ಮೇಷ್ಟ್ರೇ,

ಕಲಬುರಗಿ ಜಿಲ್ಲೆಯ ಸನ್ನತಿಗೆ ಹೋಗಿ ಬಂದೆ. ಬಿಟ್ಟು ಹೋದೆ ಅಂತ ಬೈಯಬೇಡ. ಎರಡನೇ ಇಡ್ಲಿ ಪ್ರಕರಣ ಆದಮೇಲೆ ನಿನ್ನ ಜೊತೆ ಬಸ್ಸು ಹತ್ತಲ್ಲ ಅಂತ ಆಣೆ ಇಟ್ಟಿದ್ದೆನಲ್ಲ. (ಉಳಿದವರು ಮುಂದಕ್ಕೆ ಓದಿ, ಇದು ನಮ್ಮಿಬ್ಬರ ವ್ಯವಹಾರ.)

ಅಲ್ಲಿನ ಅಶೋಕನ ಶಾಸನದ ಪಾಡು ನಿನಗೆ ಗೊತ್ತೇ ಇದೆ. ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿ ವಿಗ್ರಹಕ್ಕೆ ಪೀಠ ಬೇಕಿತ್ತು; ಯಾರೋ ಈ ಚಪ್ಪಡಿ ತಂದು, ಅಕ್ಷರಗಳ ಮೇಲೇ ತೂತು ಕೊರೆದು ದೇವಿಯನ್ನು ಕೂರಿಸಿದರು. ಕೊರೆದವನದು ತಪ್ಪು ಅನ್ನಲಾರೆ. ಆ ಬ್ರಾಹ್ಮಿ ಲಿಪಿಯನ್ನು ಓದುವವರೇ ಉಳಿದಿರಲಿಲ್ಲ. 1837ರಲ್ಲಿ ಪ್ರಿನ್ಸೆಪ್ ಎಂಬ ಇಂಗ್ಲಿಷ್ ವಿದ್ವಾಂಸ ಅದರ ಗುಟ್ಟು ಬಿಡಿಸುವ ತನಕ ಎಲ್ಲರಿಗೂ ಅವು ಬರೀ ಗೀರುಗಳು.

ಅಶೋಕ ಮಾತ್ರ ಕಲ್ಲೊಂದನ್ನೇ ನಂಬಿ ಕೂತವನಲ್ಲ ಕಣೋ. ಸನ್ನತಿಯಲ್ಲಿ ಸಿಕ್ಕ, ಅಧಿಕಾರಿಗಳಿಗೆಂದು ಬರೆಸಿದ ‘ಪ್ರತ್ಯೇಕ ಶಾಸನಗಳು’ ಒಡಿಶಾದ ಧೌಲಿಯಲ್ಲೂ ಇವೆ. ಅಲ್ಲಿ ಅವನ ಅಪ್ಪಣೆ ನೋಡು: ತಿಷ್ಯ (ಅಂದ್ರೆ ಪುಷ್ಯ) ನಕ್ಷತ್ರದ ದಿನ ಇದನ್ನು ಕೇಳಿಸಬೇಕು, ನಡುನಡುವೆಯೂ ಕೇಳಿಸಬಹುದು, ಕೇಳುವವನು ಒಬ್ಬನೇ ಆದರೂ ಸರಿ. ಅಕ್ಷರ ಬಾರದ ಊರಿಗೆ ಧರ್ಮ ಮುಟ್ಟಿದ್ದು ಯಾವನೋ ಅಧಿಕಾರಿಯ ಗಂಟಲಿನಿಂದ. ಭಿಕ್ಷುಗಳೂ ಬುದ್ಧನ ಮಾತನ್ನು ಒಟ್ಟಿಗೆ ಕೂತು ಪಠಿಸುತ್ತಲೇ ಕಾಪಾಡಿದರು. ಆ ಮಾತುಗಳ ಸಂಗ್ರಹವಾದ ಪಾಲಿ ತಿಪಿಟಕ ಬರಹಕ್ಕಿಳಿದದ್ದು ಕ್ರಿ.ಪೂ. 1ನೇ ಶತಮಾನದಲ್ಲಿ, ಸಿಂಹಳದಲ್ಲಿ ಅನ್ನುತ್ತದೆ ಅಲ್ಲಿನ ಸಂಪ್ರದಾಯ.

ಪಕ್ಕದ ಕನಗನಹಳ್ಳಿ ಸ್ತೂಪದ ಫಲಕಗಳಲ್ಲಿ ಜಾತಕ ಕಥೆ, ಅಂದ್ರೆ ಬುದ್ಧನ ಹಿಂದಿನ ಜನ್ಮಗಳ ಕಥೆ, ಕೆತ್ತಿದ್ದಾರೆ. ಅದನ್ನು ನೋಡಿ ಬಂದಮೇಲೆ ಮಗಳಿಗೆ ದಿನಾ ರಾತ್ರಿ ಜಾತಕವೇ. ಮೊಲದ ಕಥೆ ಅಂದ್ರೆ ಅವಳಿಗೆ ಪ್ರಾಣ. ಅತಿಥಿಗೆ ಬಡಿಸಲು ಬೇರೇನೂ ಇಲ್ಲದೆ ಮೊಲ ತಾನೇ ಬೆಂಕಿಗೆ ಹಾರಲು ಹೊರಡುತ್ತದೆ. ಹಾರುವ ಮುಂಚೆ ಮೂರು ಸಲ ಮೈ ಕೊಡವುತ್ತದೆ, ರೋಮದೊಳಗಿನ ಹುಳಗಳು ಸಾಯದಿರಲಿ ಅಂತ. ಅಲ್ಲಿಗೆ ಬಂದ ಕೂಡಲೇ ಇವಳೂ ರಗ್ಗಿನೊಳಗೆ ಮೈ ಕೊಡವುತ್ತಾಳೆ. ಅಹಿಂಸೆ ಎಂಬ ಮಾತನ್ನು ಇನ್ನೂ ಕೇಳದ ಹುಡುಗಿ!

ಅವಳಿಗೆ ನಿದ್ದೆ ಹತ್ತಿದ ಮೇಲೂ ನಾನು ನಿಲ್ಲಿಸಲ್ಲ. ಮೊಲ ಚಂದ್ರನಲ್ಲಿ ಸೇರಿ ಎಷ್ಟೋ ಹೊತ್ತಾಗಿರುತ್ತದೆ; ನಾನು ಆಫೀಸು, ಸಾಲ, ಅಪ್ಪನ ಜೊತೆ ಮಾತು ಬಿಟ್ಟಿದ್ದು, ಎಲ್ಲ ಪಿಸುಗುಡುತ್ತ ಕೂತಿರುತ್ತೇನೆ. ಇಡೀ ದಿನದಲ್ಲಿ ನನ್ನ ಮಾತಿಗೆ ಅಡ್ಡ ಬಾಯಿ ಹಾಕದೆ ಇರುವವಳು ಅವಳೊಬ್ಬಳೇ. ಅದೂ ಗೊರಕೆ ಹೊಡೆಯುತ್ತ.

ಧರ್ಮಪ್ರಸಾರದ ಬಗ್ಗೆ ಗಂಭೀರವಾಗಿ ನಾಲ್ಕು ಸಾಲು ಬರೆಯೋಣ ಅಂತ ಕೂತವನು ನಾನು, ಎಲ್ಲಿಗೆ ಬಂದೆ ನೋಡು. ಇದಕ್ಕೆ ಲೈಕ್ ಒತ್ತಿ ಜಾರಿಕೊಳ್ಳಬೇಡ, ಫೋನ್ ಮಾಡು. ಆ ಇನ್ನೂರು ರೂಪಾಯಿ ವಿಷಯ ಎತ್ತಿದರೆ ಮಾತ್ರ ಕಟ್ ಮಾಡ್ತೀನಿ.

ನಿನ್ನ,
ಸಾಲಗಾರ